ಆಗ್ರಾ ಕೋಟೆಯ ಹೊರಗೊಂದು ಗೊಮ್ಮಟಸಾರ

ಪಾಠ ಹೇಳುವ ವೃತ್ತಿಯಲ್ಲಿದ್ದವನಿಗೆ ತಾನು ಹೇಳಿದ ತಪ್ಪುಗಳ ಲೆಕ್ಕ ತಡವಾಗಿ ಸಿಗುತ್ತದೆ. ಸ್ನಾತಕೋತ್ತರ ತರಗತಿಗಳಲ್ಲಿ ಪ್ರಾಚೀನ ಸಾಹಿತ್ಯವನ್ನು ಬೋಧಿಸುವಾಗ ನಾನು ಬಹಳ ವರ್ಷಗಳ ಕಾಲ ಒಂದು ಮಾತನ್ನು ಹೇಳುತ್ತ ಬಂದಿದ್ದೆ: ಶ್ರವಣಬೆಳಗೊಳದ ಪರಿಸರದಲ್ಲಿ ರೂಪುಗೊಂಡ ಸಿದ್ಧಾಂತ ಸಾಹಿತ್ಯವು ವಿಂಧ್ಯದ ಆಚೆಗೆ ತಲುಪಿದ್ದು ಮುದ್ರಣಯುಗದಲ್ಲಿ, ಅಲ್ಲಿಯವರೆಗೆ ಅದು ಬಸದಿಗಳ ಭಂಡಾರಗಳಲ್ಲಿ, ತಾಳೆಗರಿಯ ಕಟ್ಟುಗಳೊಳಗೆ ಸುರಕ್ಷಿತವಾಗಿ ಮಲಗಿತ್ತು ಎಂದು. ಮೂಡಬಿದಿರೆಯಲ್ಲಿ ಉಳಿದು ಬಂದ ಧವಲಾ ಟೀಕೆಯ ಮಟ್ಟಿಗೆ ಈ ಮಾತು ಸರಿ. ಅದು ಮುದ್ರಣಗೊಂಡು ಎಲ್ಲರ ಕೈಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿಯೇ. ಆದರೆ ಒಂದು ಗ್ರಂಥದ ಇತಿಹಾಸವನ್ನು ಇಡೀ ಪರಂಪರೆಗೆ ಹೊದಿಸಿದ್ದು ನನ್ನ ತಪ್ಪು. ಆ ತಪ್ಪು ನನಗೆ ಮನವರಿಕೆಯಾದದ್ದು ಆಗ್ರಾ ಕೋಟೆಯನ್ನು ನೋಡಲು ಹೋದಾಗ. ಮೊಗಲರ ಕೋಟೆಗೂ ಬೆಳಗೊಳದ ಶಾಸ್ತ್ರಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ಈ ಬರಹ ಆ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ.

ಡಿಸೆಂಬರ್ ತಿಂಗಳ ಬೆಳಗು. ಯಮುನೆಯ ದಡದ ಊರುಗಳಲ್ಲಿ ಆ ಹೊತ್ತಿನಲ್ಲಿ ಕವಿಯುವ ಮಂಜನ್ನು ನಮ್ಮ ಕಡೆಯವರು ಕಲ್ಪಿಸಿಕೊಳ್ಳುವುದು ಕಷ್ಟ. ಹತ್ತು ಮಾರು ದೂರದ ಮನುಷ್ಯ ನೆರಳಾಗಿ ಕಾಣುತ್ತಾನೆ. ಪ್ರವಾಸಿಗರಿಗೆ ತೆರೆದಿರುವ ದಕ್ಷಿಣದ ಅಮರಸಿಂಹ ದ್ವಾರದ ಮುಂದೆ ನಿಂತಾಗ ಕೋಟೆ ಇದೆ ಎಂಬುದು ಗೊತ್ತಾಗುತ್ತಿತ್ತೇ ಹೊರತು ಎಷ್ಟಿದೆ ಎಂಬುದು ತಿಳಿಯುತ್ತಿರಲಿಲ್ಲ. ಸುಮಾರು ಎಪ್ಪತ್ತು ಅಡಿ ಎತ್ತರದ ಕೆಂಪು ಗೋಡೆಯ ಮೇಲ್ಭಾಗ ಮಂಜಿನಲ್ಲಿ ಕರಗಿಹೋಗಿತ್ತು. ಆ ಗೋಡೆಯ ಸುತ್ತಳತೆ ಎರಡೂವರೆ ಕಿಲೋಮೀಟರು; ಒಳಗಿನ ನೆಲ ತೊಂಬತ್ತು ಎಕರೆಗೂ ಮಿಗಿಲು. ಇಲ್ಲಿ ಮೊದಲು ಬಾದಲಗಢ ಎಂಬ ಇಟ್ಟಿಗೆಯ ಕೋಟೆಯೊಂದಿತ್ತು. ಸಿಕಂದರ ಲೋದಿ ದೆಹಲಿಯಿಂದ ಆಗ್ರಾಕ್ಕೆ ಬಂದು ನೆಲೆಸಿದ ಮೇಲೆ ಊರಿಗೆ ರಾಜಧಾನಿಯ ಮಹತ್ವ ಬಂದಿತು. ಅಕ್ಬರನು 1565ರಲ್ಲಿ ಹಳೆಯ ಕೋಟೆಯನ್ನು ಕೆಡವಿಸಿ ಕೆಂಪು ಮರಳುಗಲ್ಲಿನಲ್ಲಿ ಹೊಸದನ್ನು ಕಟ್ಟಿಸಲು ಆರಂಭಿಸಿದನು. ಎಂಟು ವರ್ಷಗಳಲ್ಲಿ ಕೆಲಸ ಮುಗಿಯಿತು. ಬಂಗಾಳ ಮತ್ತು ಗುಜರಾತಿನ ಶೈಲಿಗಳಲ್ಲಿ ಐನೂರಕ್ಕೂ ಹೆಚ್ಚು ಕಟ್ಟಡಗಳು ಒಳಗಿದ್ದುವೆಂದು ಅಬುಲ್ ಫಜಲ್ ಬರೆಯುತ್ತಾನೆ. ಅವುಗಳಲ್ಲಿ ಇಂದು ಉಳಿದಿರುವುವು ಬೆರಳೆಣಿಕೆಯವು. ಕೆಲವನ್ನು ಮೊಮ್ಮಗ ಶಹಜಹಾನನೇ ತನ್ನ ಅಮೃತಶಿಲೆಯ ಮಹಲುಗಳಿಗೆ ಎಡೆಮಾಡಿಕೊಡಲು ತೆಗೆಸಿದನು; ಇನ್ನು ಹಲವನ್ನು ಬ್ರಿಟಿಷರು ಸೈನಿಕರ ವಸತಿಗಾಗಿ ನೆಲಸಮ ಮಾಡಿದರು. ಕೋಟೆಯ ಉತ್ತರ ಭಾಗ ಇಂದಿಗೂ ಸೈನ್ಯದ ವಶದಲ್ಲಿದೆ. ಅಕ್ಬರನ ಕಾಲದ ಮುಖ್ಯ ಪ್ರವೇಶವಾಗಿದ್ದ ದೆಹಲಿ ದ್ವಾರವನ್ನು ಸಾಮಾನ್ಯ ಪ್ರವಾಸಿಗ ದಾಟಲಾರ.

ಒಳಹೊಕ್ಕವರಿಗೆ ಮೊದಲು ಎದುರಾಗುವುದು ಜಹಾಂಗೀರಿ ಮಹಲು. ಹೆಸರು ಜಹಾಂಗೀರನದಾದರೂ ಕಟ್ಟಡ ಅಕ್ಬರನ ಕಾಲದ್ದು. ಅದರ ಅಂಗಳದಲ್ಲಿ ನಿಂತು ಮೇಲೆ ನೋಡಿದರೆ ಚಾವಣಿಯನ್ನು ಹೊತ್ತಿರುವ ಓರೆಗಂಬಗಳು ಕಾಣುತ್ತವೆ. ಕಲ್ಲನ್ನು ಮರದಂತೆ ಕಡೆದು, ಹಾವಿನ ಬಳುಕು ಕೊಟ್ಟು, ತುದಿಗಳಲ್ಲಿ ಹಂಸ ಗಿಳಿಗಳನ್ನು ಕೂರಿಸಿದ ಆ ಕೆಲಸವನ್ನು ಕಂಡ ಯಾರಿಗಾದರೂ ಗುಜರಾತ ರಾಜಸ್ಥಾನಗಳ ಜಿನಾಲಯಗಳು ನೆನಪಾಗದಿರವು. ಇದನ್ನೇ ಹಿಡಿದು ಮಹಲನ್ನು ಜೈನಧರ್ಮದ ಪ್ರಭಾವಕ್ಕೆ ಸಾಕ್ಷಿಯೆಂದು ಬರೆದವರಿದ್ದಾರೆ. ಅಷ್ಟು ಅವಸರ ಸಲ್ಲದು. ಪಶ್ಚಿಮ ಭಾರತದ ಶಿಲ್ಪಿಗಳು ಜಿನಾಲಯವನ್ನೂ ಕಟ್ಟಿದರು, ವಿಷ್ಣುವಿನ ಗುಡಿಯನ್ನೂ ಕಟ್ಟಿದರು, ಅಹಮದಾಬಾದಿನ ಮಸೀದಿಗಳನ್ನೂ ಕಟ್ಟಿದರು. ಉಳಿಯ ಭಾಷೆ ಒಂದೇ. ಅದನ್ನು ಆಡಿಸಿದ ಒಡೆಯರು ಬೇರೆ. ಇಲ್ಲಿ ಕಾಣುವುದು ಒಂದು ಪ್ರದೇಶದ ಕುಶಲಕರ್ಮಿಗಳು ಹೊಸ ಒಡೆಯನ ಕೆಲಸಕ್ಕೆ ತಮ್ಮ ಕೈಯ ಅಭ್ಯಾಸವನ್ನು ತಂದ ಸಂಗತಿ. ಅದು ಅಲ್ಪವೇನೂ ಅಲ್ಲ. ಆದರೆ ಅದಕ್ಕೆ ಇರುವುದಕ್ಕಿಂತ ದೊಡ್ಡ ಹೆಸರನ್ನಿಟ್ಟರೆ ಸತ್ಯ ಸಣ್ಣದಾಗುತ್ತದೆ.

ಮಹಲಿನ ಮುಂದೆ ಒಂದೇ ಕಲ್ಲಿನಲ್ಲಿ ಕೊರೆದ ಬಾನಿಯೊಂದಿದೆ. ಜಹಾಂಗೀರನ ಹೌಜು ಎಂದು ಅದಕ್ಕೆ ಹೆಸರು, ಕಾಲ 1611. ಅಲ್ಲಿಂದ ಮುಂದೆ ಸಾಗಿದರೆ ಸಾರ್ವಜನಿಕ ದರ್ಬಾರು ನಡೆಯುತ್ತಿದ್ದ ದಿವಾನ್-ಇ-ಆಮ್. ಅದರ ಎದುರಿನ ಹುಲ್ಲುಹಾಸಿನ ನಡುವೆ ಒಂದು ಕ್ರೈಸ್ತ ಸಮಾಧಿ ಇದೆ. 1857ರ ದಂಗೆಯ ಕಾಲದಲ್ಲಿ ಈ ಕೋಟೆಯೊಳಗೆ ಆಶ್ರಯ ಪಡೆದು ಇಲ್ಲಿಯೇ ತೀರಿಕೊಂಡ ವಾಯವ್ಯ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಜಾನ್ ರಸೆಲ್ ಕಾಲ್ವಿನ್‌ನದು. ಸಮೀಪದ ಕೋಣೆಯೊಂದರಲ್ಲಿ ಎತ್ತರವಾದ ಮರದ ಬಾಗಿಲು ಜೋಡಿ. ಸೋಮನಾಥದಿಂದ ಘಜ್ನಿಯವನು ಒಯ್ದ ಶ್ರೀಗಂಧದ ಬಾಗಿಲೆಂದು ಸಾರಿ ಗವರ್ನರ್ ಜನರಲ್ ಎಲೆನ್‌ಬರೋ 1842ರಲ್ಲಿ ಅಫ್ಘಾನಿಸ್ತಾನದಿಂದ ಹೊರಿಸಿ ತರಿಸಿದ್ದು. ಪರೀಕ್ಷಿಸಿದಾಗ ಮರ ದೇವದಾರು, ಕೆತ್ತನೆ ಘಜ್ನಿಯ ಕಡೆಯದು ಎಂದು ತಿಳಿಯಿತು. ಸೋಮನಾಥಕ್ಕೆ ಹೋಗಬೇಕಾದ ಮೆರವಣಿಗೆ ಇಲ್ಲಿಯೇ ನಿಂತುಹೋಯಿತು. ಇತಿಹಾಸವನ್ನು ಪರಿಶೀಲಿಸದೆ ಹೆಮ್ಮೆಗೆ ಬಳಸಿಕೊಳ್ಳಲು ಹೊರಟವರಿಗೆ ಈ ಬಾಗಿಲು ಒಳ್ಳೆಯ ಪಾಠ. ನಾನು ಅದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತೆ.

ದರ್ಬಾರಿನ ಅಂಗಳದಲ್ಲಿ ನಿಂತಾಗ ನನ್ನ ಮನಸ್ಸಿನಲ್ಲಿದ್ದುದು ಒಂದು ಚಿತ್ರಸುರುಳಿ. ಜೈನ ಸಂಘಗಳು ಪರ್ಯುಷಣದ ಬಳಿಕ ದೂರದ ಆಚಾರ್ಯರಿಗೆ ಕ್ಷಮಾಪಣೆಯನ್ನೂ ಆಮಂತ್ರಣವನ್ನೂ ಕಳುಹಿಸುತ್ತಿದ್ದ ಪತ್ರಗಳಿಗೆ ವಿಜ್ಞಪ್ತಿಪತ್ರಗಳೆಂದು ಹೆಸರು. ಆಗ್ರಾದ ಶ್ವೇತಾಂಬರ ಸಂಘವು 1610ರಲ್ಲಿ ತಪಾಗಚ್ಛದ ವಿಜಯಸೇನಸೂರಿಗಳಿಗೆ ಅಂಥದೊಂದು ಸಚಿತ್ರ ಪತ್ರವನ್ನು ಕಳುಹಿಸಿತು. ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿ ಜಹಾಂಗೀರನು ಹೊರಡಿಸಿದ ಫರ್ಮಾನು ಅದರ ವಸ್ತು. ಚಿತ್ರಿಸಿದವನು ಉಸ್ತಾದ್ ಶಾಲಿವಾಹನ. ತಾನು ಬಾದಶಾಹಿ ಚಿತ್ರಕಾರನೆಂದೂ, ಆ ಸಮಯದಲ್ಲಿ ತಾನು ಕಂಡುದನ್ನೇ ಇಲ್ಲಿ ಬರೆದಿರುವೆನೆಂದೂ ಪತ್ರದಲ್ಲಿ ದಾಖಲೆಯಿದೆ. ಅರಸ, ಆಸ್ಥಾನ, ಬೀದಿಯಲ್ಲಿ ಫರ್ಮಾನನ್ನು ಸಾರುವ ಸಂಭ್ರಮ, ಕೊನೆಗೆ ಆಚಾರ್ಯರ ಸನ್ನಿಧಿ: ಹೀಗೆ ಸುರುಳಿ ಬಿಚ್ಚಿದಂತೆ ಕೋಟೆಯಿಂದ ಹೊರಟ ಆಜ್ಞೆಯೊಂದು ಉಪಾಶ್ರಯವನ್ನು ತಲುಪುವ ದಾರಿ ಕಣ್ಣಿಗೆ ಬೀಳುತ್ತದೆ. ಮೊಗಲ್ ಚಿತ್ರಕಲೆಯೆಂದರೆ ಅರಸನಿಗಾಗಿ ಬರೆದ ಚಿತ್ರವೆಂದು ತಿಳಿದವರು ಈ ಸುರುಳಿಯನ್ನು ಮರೆಯಬಾರದು. ಇಲ್ಲಿ ಅರಸನ ಚಿತ್ರಕಾರನು ಊರಿನ ವರ್ತಕರ ಪತ್ರಕ್ಕೆ ಕುಂಚ ಹಿಡಿದಿದ್ದಾನೆ. ಅರಸನನ್ನೇ ಆ ಪತ್ರದೊಳಗಿನ ಒಂದು ಪಾತ್ರವಾಗಿಸಿದ್ದಾನೆ.

ಈ ಸಂಬಂಧದ ಬೀಜ ಬಿದ್ದದ್ದು ಅಕ್ಬರನ ಕಾಲದಲ್ಲಿ. ಅವನ ಆಹ್ವಾನದ ಮೇರೆಗೆ ಹೀರವಿಜಯಸೂರಿಗಳು ಗುಜರಾತಿನಿಂದ ಕಾಲ್ನಡಿಗೆಯಲ್ಲಿ ಹೊರಟು 1583ರಲ್ಲಿ ಫತೇಪುರ ಸಿಕ್ರಿಯನ್ನು ಸೇರಿದರು. ಆ ವರ್ಷದ ಚಾತುರ್ಮಾಸ ಆಗ್ರಾದಲ್ಲಿ ನಡೆಯಿತು. ಮರುವರ್ಷ ಅವರಿಗೆ ಜಗದ್ಗುರು ಎಂಬ ಬಿರುದು ಸಂದಿತು. ಅವರ ಪರಂಪರೆಯ ಭಾನುಚಂದ್ರರು ಅರಸನಿಗೆ ಸೂರ್ಯಸಹಸ್ರನಾಮವನ್ನು ಹೇಳಿಕೊಟ್ಟರು. ಅವರ ಶಿಷ್ಯ ಸಿದ್ಧಿಚಂದ್ರರು ಪಾರಸಿಯನ್ನು ಕಲಿತು ಆಸ್ಥಾನದಲ್ಲಿ ಬೆಳೆದರು. ಬಾಣನ ಕಾದಂಬರಿಗೆ ಇಂದಿಗೂ ವಿದ್ಯಾರ್ಥಿಗಳು ಬಳಸುವ ಸಂಸ್ಕೃತ ವ್ಯಾಖ್ಯಾನ ಈ ಗುರುಶಿಷ್ಯರದು: ಪೂರ್ವಭಾಗಕ್ಕೆ ಗುರು, ಉತ್ತರಭಾಗಕ್ಕೆ ಶಿಷ್ಯ. ನಾಗವರ್ಮನ ಕರ್ಣಾಟಕ ಕಾದಂಬರಿಯನ್ನು ಓದುವ ನಮ್ಮವರು ಬಾಣನ ಮೂಲದೊಡನೆ ಹೋಲಿಸುವಾಗ ಬಿಡಿಸುವ ಟೀಕೆ ಮೊಗಲ್ ಆಸ್ಥಾನದ ನೆರಳಿನಲ್ಲಿ ಬಾಳಿದವರದೆಂಬುದನ್ನು ಎಷ್ಟು ಮಂದಿ ಗಮನಿಸಿದ್ದೇವೆ?

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಕಥೆ ಸೊಗಸಾಗಿ ಮುಗಿಯುತ್ತದೆ. ಆದರೆ ಇತಿಹಾಸ ಮುಗಿಯುವುದಿಲ್ಲ. ಸಿದ್ಧಿಚಂದ್ರರೇ ಬರೆದ ಭಾನುಚಂದ್ರಗಣಿಚರಿತದಲ್ಲಿ ಇನ್ನೊಂದು ಪ್ರಸಂಗವಿದೆ. ಯೌವನದಲ್ಲಿದ್ದ ಸುಂದರನಾದ ಈ ಯತಿಯನ್ನು ಕಂಡು ಜಹಾಂಗೀರನು ವ್ರತವನ್ನು ಬಿಟ್ಟು ಮದುವೆಯಾಗೆಂದು ಒತ್ತಾಯಿಸುತ್ತಾನೆ. ನೂರಜಹಾನಳೂ ವಾದಕ್ಕೆ ಇಳಿಯುತ್ತಾಳೆ. ಯತಿ ಒಪ್ಪುವುದಿಲ್ಲ. ಸಿಟ್ಟಾದ ಅರಸ ಆನೆಯನ್ನು ತರಿಸಿ ಬೆದರಿಸುತ್ತಾನೆ. ಅದಕ್ಕೂ ಬಗ್ಗದಾಗ ಗಡಿಪಾರು ಮಾಡುತ್ತಾನೆ. ಮುಂದೆ ಮನಸ್ಸು ಕರಗಿ ಹಿಂದಕ್ಕೆ ಕರೆಸಿಕೊಳ್ಳುತ್ತಾನೆ. ತನ್ನನ್ನು ತಾನೇ ಕುರಿತು ಬರೆದವರ ಮಾತನ್ನು ಎಷ್ಟು ನಂಬಬೇಕೆಂಬ ಪ್ರಶ್ನೆ ಇದ್ದೇ ಇದೆ. ಆದರೆ ಜಹಾಂಗೀರನು ತನ್ನ ಆತ್ಮಕಥೆಯಲ್ಲಿಯೇ ‘ಸೇವ್ರಾ’ಗಳೆಂದು ಜೈನ ಯತಿಗಳನ್ನು ಹೆಸರಿಸಿ, ಅವರನ್ನು ಹೊರಹಾಕುವಂತೆ ಆಜ್ಞೆ ಮಾಡಿದ್ದನ್ನು ದಾಖಲಿಸಿದ್ದಾನೆ. 1610ರಲ್ಲಿ ಅಹಿಂಸೆಯ ಫರ್ಮಾನು ಕೊಟ್ಟವನೂ, ಕೆಲವೇ ವರ್ಷಗಳ ಬಳಿಕ ಗಡಿಪಾರಿನ ಆಜ್ಞೆ ಕೊಟ್ಟವನೂ ಅದೇ ಅರಸ. ನಮ್ಮ ಸಮಾಜದ ಬರಹಗಳಲ್ಲಿ ಮೊದಲನೆಯದು ಪದೇ ಪದೇ ಬರುತ್ತದೆ, ಎರಡನೆಯದು ಬರುವುದಿಲ್ಲ. ಮೊಗಲರನ್ನು ದೂಷಿಸಲು ಹೊರಟವರ ಬರಹಗಳಲ್ಲಿ ಎರಡನೆಯದು ಬರುತ್ತದೆ, ಮೊದಲನೆಯದು ಮಾಯವಾಗುತ್ತದೆ. ಎರಡನ್ನೂ ಒಂದೇ ಪುಟದಲ್ಲಿ ಇಡಬಲ್ಲವನೇ ಸಂಶೋಧಕ. ಅನೇಕಾಂತವನ್ನು ವೇದಿಕೆಯಲ್ಲಿ ಹೊಗಳುವುದಕ್ಕಿಂತ ಟಿಪ್ಪಣಿ ಪುಸ್ತಕದಲ್ಲಿ ಆಚರಿಸುವುದು ಕಷ್ಟ.

ಮಧ್ಯಾಹ್ನದ ಹೊತ್ತಿಗೆ ನದಿಯ ಕಡೆಯ ಮುಸಮ್ಮನ್ ಬುರುಜನ್ನು ತಲುಪಿದೆ. ಬಣ್ಣದ ಕಲ್ಲುಗಳನ್ನು ಹೂಬಳ್ಳಿಗಳಾಗಿ ಕೂರಿಸಿದ ಅಮೃತಶಿಲೆಯ ಎಂಟು ಮೂಲೆಯ ಮಂಟಪ. 1658ರಲ್ಲಿ ಔರಂಗಜೇಬನಿಂದ ಬಂದಿಯಾದ ಶಹಜಹಾನನು ಎಂಟು ವರ್ಷ ಈ ಕೋಟೆಯಲ್ಲಿ ಕಳೆದು 1666ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದನು. ಪ್ರವಾಸಿಗರೆಲ್ಲ ಇಲ್ಲಿಂದ ತಾಜಮಹಲನ್ನು ನೋಡಬೇಕೆಂದು ಬರುತ್ತಾರೆ. ಅಂದು ಮಂಜು ಇನ್ನೂ ಪೂರ್ತಿ ತೆರೆದಿರಲಿಲ್ಲ. ಬೆರಳು ತೋರಿಸಿದ ಕಡೆ ಬೂದು ಬಣ್ಣದ ಬಯಲು ಮಾತ್ರ. ಮಾರ್ಗದರ್ಶಿ ಸಪ್ಪಗಾದ. ‘ಇಲ್ಲಿಂದ ಕಾಣಬೇಕಿತ್ತು ಸಾಹೇಬರೇ’ ಎಂದು ಎರಡು ಸಲ ಹೇಳಿದ. ಜಹಾಂಗೀರನು ಪಟ್ಟಕ್ಕೆ ಬಂದೊಡನೆ ಹೊರಡಿಸಿದ ಮೊದಲ ಆಜ್ಞೆ ನ್ಯಾಯದ ಸರಪಳಿಯನ್ನು ಕುರಿತದ್ದೆಂದು ಅವನೇ ಬರೆದಿದ್ದಾನೆ: ಅರುವತ್ತು ಗಂಟೆಗಳಿದ್ದ ಮೂವತ್ತು ಗಜದ ಚಿನ್ನದ ಸರಪಳಿ; ಒಂದು ತುದಿ ಕೋಟೆಯ ಶಾಹ್ ಬುರುಜಿಗೆ, ಮತ್ತೊಂದು ನದಿಯ ದಡದ ಕಲ್ಲುಕಂಬಕ್ಕೆ. ನೊಂದವರು ಅದನ್ನು ಎಳೆದರೆ ಅರಸನಿಗೆ ಕೇಳಿಸುವುದೆಂಬ ಏರ್ಪಾಡು. ಕೆಳಗಿನ ದಡವನ್ನು ನೋಡುತ್ತ ನಾನು ಯೋಚಿಸಿದ್ದು ಸರಪಳಿಯ ಆ ಇನ್ನೊಂದು ತುದಿಯನ್ನು ಕುರಿತು. ಕೋಟೆಯ ಒಳಗಿನಿಂದ ಬರೆದವರು ಬಹಳ ಮಂದಿ. ಹೊರಗಿನಿಂದ ಬರೆದವರು ಯಾರು?

ಒಬ್ಬನಿದ್ದಾನೆ. ಹೆಸರು ಬನಾರಸಿದಾಸ. ಶ್ರೀಮಾಲ ಕುಲದ ಜೈನ ವರ್ತಕ. 1586ರಲ್ಲಿ ಜೌನಪುರದಲ್ಲಿ ಹುಟ್ಟಿದವನು. ತನ್ನ ಐವತ್ತೈದನೆಯ ವಯಸ್ಸಿನಲ್ಲಿ, 1641ರಲ್ಲಿ, ಆಗ್ರಾದಲ್ಲಿ ಕುಳಿತು ತನ್ನ ಬಾಳಿನ ಕಥೆಯನ್ನು ಮಧ್ಯದೇಶದ ಆಡುಮಾತಿನಲ್ಲಿ ಪದ್ಯವಾಗಿ ಬರೆದನು. ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ವರ್ಷವೆಂಬ ಲೆಕ್ಕದಲ್ಲಿ ಇದು ಅರ್ಧ ಬಾಳಿನ ಕಥೆ, ಆದ್ದರಿಂದ ಅರ್ಧಕಥಾನಕ. ನಮ್ಮ ದೇಶಭಾಷೆಗಳ ಆತ್ಮಚರಿತ್ರೆಗಳಲ್ಲಿ ಬಹು ಹಳೆಯದಾದ ಈ ಕೃತಿಯನ್ನು ನಾಥೂರಾಮ ಪ್ರೇಮಿಯವರು ಸಂಪಾದಿಸಿದರು. ಮುಕುಂದ ಲಾಠರ ಇಂಗ್ಲಿಷ್ ಅನುವಾದದಿಂದ ಅದು ಹೊರಜಗತ್ತಿಗೆ ಪರಿಚಿತವಾಯಿತು. ಈ ಕೃತಿಯಲ್ಲಿ ಸಾಮ್ರಾಜ್ಯವಿದೆ. ಆದರೆ ಅದು ಸಾಮಾನ್ಯನ ಮೈಮೇಲೆ ಬಿದ್ದಷ್ಟು ಮಾತ್ರ ಇದೆ. ಅಕ್ಬರನ ಆಳಿಕೆಯಲ್ಲಿ ಜೌನಪುರದ ಅಧಿಕಾರಿ ಕಿಲಿಚ್ ಖಾನನು ಆಭರಣ ವ್ಯಾಪಾರಿಗಳನ್ನು ಹಿಡಿಸಿ ಕೊರಡೆಯಿಂದ ಹೊಡೆಸಿದ್ದು, ಅವರೆಲ್ಲ ಊರು ಬಿಟ್ಟು ಓಡಿದ್ದು ಇಲ್ಲಿ ದಾಖಲಾಗಿದೆ. ಅದೇ ಅಕ್ಬರನು 1605ರಲ್ಲಿ ತೀರಿಕೊಂಡ ಸುದ್ದಿ ಬಂದಾಗ ಮೆಟ್ಟಿಲ ಮೇಲೆ ಕುಳಿತಿದ್ದ ಯುವಕ ಬನಾರಸಿ ತತ್ತರಿಸಿ ಉರುಳಿಬಿದ್ದು ತಲೆ ಒಡೆದುಕೊಂಡದ್ದೂ ಇದೆ. ಊರಿನ ಅಂಗಡಿಗಳು ಮುಚ್ಚುತ್ತವೆ. ಜನ ಒಡವೆಗಳನ್ನು ನೆಲದಲ್ಲಿ ಹೂಳುತ್ತಾರೆ, ಉಳ್ಳವರು ಬಡವರಂತೆ ಒರಟು ಬಟ್ಟೆ ಉಡುತ್ತಾರೆ. ಹತ್ತು ದಿನಗಳ ಮೇಲೆ ಆಗ್ರಾದಿಂದ ಕಾಗದ ಬರುತ್ತದೆ: ಹೊಸ ಅರಸ ಪಟ್ಟಕ್ಕೆ ಬಂದಿದ್ದಾನೆ, ಎಲ್ಲ ಶಾಂತವಾಗಿದೆ ಎಂದು. ಹೊಡೆಸಿದ ಅಧಿಕಾರವೂ ಕಾಪಾಡಿದ ಅಧಿಕಾರವೂ ಒಂದೇ ಕೋಟೆಯಿಂದ ಹೊರಟದ್ದೆಂಬುದನ್ನು ಬನಾರಸಿ ವಾದಿಸುವುದಿಲ್ಲ. ನಡೆದುದನ್ನು ಹೇಳಿ ಮುಂದಕ್ಕೆ ಹೋಗುತ್ತಾನೆ.

ಜಹಾಂಗೀರನ ಆಳಿಕೆಯ ಆರಂಭದ ವರ್ಷಗಳಲ್ಲಿ ತಂದೆಯಿಂದ ರತ್ನ, ತುಪ್ಪ, ಎಣ್ಣೆ, ಬಟ್ಟೆಗಳನ್ನು ಪಡೆದು ಅವನು ವ್ಯಾಪಾರಕ್ಕೆಂದು ಆಗ್ರಾಕ್ಕೆ ಬಂದನು. ಗಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಇಜಾರದ ಲಾಡಿಯಲ್ಲಿ ಕಟ್ಟಿಕೊಂಡಿದ್ದ ರತ್ನಗಳೂ ಹೋದುವು. ಕೊನೆಗೆ ಕಚೋರಿ ಮಾರುವವನೊಬ್ಬನಲ್ಲಿ ಸಾಲ ಹೇಳಿ ಉಣ್ಣುವ ಸ್ಥಿತಿ ಬಂದಿತು. ರಾತ್ರಿಯ ಹೊತ್ತು ಹತ್ತಿಪ್ಪತ್ತು ಮಂದಿಗೆ ಮಧುಮಾಲತಿ, ಮೃಗಾವತಿ ಎಂಬ ಸೂಫಿ ಪ್ರೇಮಕಾವ್ಯಗಳನ್ನು ಓದಿ ಹೇಳುತ್ತಿದ್ದನು. ತನ್ನಲ್ಲಿ ಕಾಸಿಲ್ಲವೆಂದು ಅವನು ಬಾಯಿಬಿಟ್ಟು ಹೇಳಿಕೊಂಡಾಗ, ಆ ಕಚೋರಿಯವನು ಚಿಂತೆ ಬೇಡ, ಉಣ್ಣುತ್ತಿರು ಎಂದನಂತೆ. ತಿಂಗಳುಗಟ್ಟಲೆ ಉಂಡ ಸಾಲವನ್ನು ಬನಾರಸಿ ಮುಂದೆ ತೀರಿಸಿದನು. ಕೋಟೆಯ ದರ್ಬಾರಿನಲ್ಲಿ ತೂಗಿ ಕೊಟ್ಟ ದಾನಗಳ ವಿವರ ಪಾರಸಿ ಚರಿತ್ರೆಗಳಲ್ಲಿ ಬೇಕಾದಷ್ಟಿದೆ. ಈ ಕಚೋರಿಯವನ ಔದಾರ್ಯಕ್ಕೆ ಇರುವ ದಾಖಲೆ ಇದೊಂದೇ.

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. 1623ರ ಸುಮಾರಿಗೆ ಬನಾರಸಿಯ ಕೈಗೆ ಸಮಯಸಾರ ಬಂದಿತು. ಅಮೃತಚಂದ್ರರ ಕಲಶಗಳಿಗೆ ಪಾಂಡೆ ರಾಜಮಲ್ಲನು ದೇಶಭಾಷೆಯಲ್ಲಿ ಬರೆದ ವಿವರಣೆಯೊಡನೆ. ಸಮಯಸಾರದ ಕರ್ತೃ ಕೊಂಡಕುಂದಾಚಾರ್ಯರ ಊರು ಇಂದಿನ ಅನಂತಪುರ ಜಿಲ್ಲೆಯ ಕೊನಕೊಂಡ್ಲವೆಂಬುದನ್ನೂ, ಬೆಳಗೊಳದ ಶಾಸನಗಳಲ್ಲಿ ಕೊಂಡಕುಂದಾನ್ವಯದ ಹೆಸರು ಮತ್ತೆ ಮತ್ತೆ ಬರುವುದನ್ನೂ ವಿದ್ಯಾರ್ಥಿಗಳು ಬಲ್ಲರು. ಆತ್ಮನು ನಿಶ್ಚಯದೃಷ್ಟಿಯಿಂದ ಶುದ್ಧನೇ ಎಂಬ ಅದರ ಮಾತನ್ನು ಬನಾರಸಿಯೂ ಮೂವರು ಗೆಳೆಯರೂ ಒಮ್ಮುಖವಾಗಿ ಹಿಡಿದರು. ಆತ್ಮ ಶುದ್ಧವೆಂದ ಮೇಲೆ ಜಪವೇಕೆ, ವ್ರತವೇಕೆ? ನಿತ್ಯಕ್ರಿಯೆಗಳನ್ನು ಬಿಟ್ಟರು. ದೇವರಿಗೆ ಅರ್ಪಿಸಬೇಕಾದುದನ್ನು ತಾವೇ ತಿಂದರು. ಕೋಣೆಯೊಳಗೆ ಬಟ್ಟೆ ಕಳಚಿ ಕುಣಿದು, ತಾವು ಮುನಿಗಳಾದೆವು, ತಮಗಿನ್ನು ಪರಿಗ್ರಹವಿಲ್ಲ ಎಂದು ನಕ್ಕರು. ಜನ ಆಡಿಕೊಂಡರು. ಇದನ್ನೆಲ್ಲ ಬೇರೆಯವರು ಬರೆದಿದ್ದರೆ ನಿಂದೆಯಾಗುತ್ತಿತ್ತು. ಅವನೇ ಬರೆದಿರುವುದರಿಂದ ಇದು ಆಲೋಚನೆಯಾಗಿದೆ. ವ್ಯವಹಾರನಯವನ್ನು ಕೈಬಿಟ್ಟ ನಿಶ್ಚಯನಯ ಎಲ್ಲಿಗೆ ಕೊಂಡೊಯ್ಯುತ್ತದೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಜೈನ ಸಾಹಿತ್ಯದಲ್ಲಿ ನನಗೆ ಬೇರೆ ಕಂಡಿಲ್ಲ.

ಈ ಗೊಂದಲ ಕೆಲವು ದಿನಗಳದಲ್ಲ, ವರ್ಷಗಳದು. ಅದನ್ನು ಬಿಡಿಸಿದ್ದು ವಿಕ್ರಮ ಸಂವತ್ 1692, ಅಂದರೆ 1635. ಆ ವರ್ಷ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ತಿಹುನಾ ಸಾಹುವಿನ ಜಿನಮಂದಿರದಲ್ಲಿ ಇಳಿದುಕೊಂಡರು. ಅಧ್ಯಾತ್ಮದ ಗೆಳೆಯರೆಲ್ಲ ಅಲ್ಲಿ ಸೇರಿ ಅವರಿಂದ ಒಂದು ಗ್ರಂಥವನ್ನು ಓದಿಸಿ ಕೇಳಿದರು. ಆ ಗ್ರಂಥ ಗೊಮ್ಮಟಸಾರ. ಗುಣಸ್ಥಾನಗಳ ವಿವರಣೆಯನ್ನು ಕೇಳಿದಂತೆ ಬನಾರಸಿಯ ಕಣ್ಣು ತೆರೆಯಿತು. ಜೀವನು ನಿಂತಿರುವ ಮೆಟ್ಟಿಲಿಗೆ ತಕ್ಕುದು ಅವನ ಆಚರಣೆ; ಹದಿನಾಲ್ಕು ಮೆಟ್ಟಿಲುಗಳಲ್ಲಿ ಕೊನೆಯದನ್ನು ಕಂಡೆನೆಂದು ಮೊದಲಿನವನ್ನು ಹಾರಿಹೋಗಲಾಗದು. ಸಂಶಯ ತೀರಿ, ಸ್ಯಾದ್ವಾದದಲ್ಲಿ ಮನಸ್ಸು ನೆಲೆಗೊಂಡಿತೆಂದು ಅವನು ಹೇಳಿಕೊಳ್ಳುತ್ತಾನೆ. ಮರುವರ್ಷವೇ, 1636ರಲ್ಲಿ, ಅವನ ಮಹತ್ಕೃತಿ ಸಮಯಸಾರ ನಾಟಕ ಪೂರ್ಣಗೊಂಡಿತು. ಹಿಂದೆ ದಾರಿ ತಪ್ಪಿಸಿದ್ದ ಗ್ರಂಥವನ್ನೇ ಈಗ ಅವನು ದೇಶಭಾಷೆಯ ಕಾವ್ಯವಾಗಿ ಊರಿಗೆ ಕೊಡಬಲ್ಲವನಾಗಿದ್ದನು.

1635 ಎಂಬ ಇಸವಿಯನ್ನು ಕೋಟೆಯೊಳಗಿನ ಲೆಕ್ಕದಲ್ಲಿಯೂ ನೋಡೋಣ. ಆ ವರ್ಷದ ಮಾರ್ಚಿನಲ್ಲಿ, ನೌರೋಜ್ ಹಬ್ಬದಂದು, ಶಹಜಹಾನನು ಆಗ್ರಾದಲ್ಲಿ ಮೊದಲ ಬಾರಿಗೆ ಮಯೂರ ಸಿಂಹಾಸನವನ್ನೇರಿದನು. ಕೋಟೆಯ ಅಮೃತಶಿಲೆಯ ದಿವಾನ್-ಇ-ಖಾಸ್ ಕೂಡ ಅದೇ ವರ್ಷದ್ದು. ನದಿಯ ತಿರುವಿನಲ್ಲಿ ತಾಜಮಹಲಿನ ಕೆಲಸ ನಡೆಯುತ್ತಿತ್ತು. ಆ ವರ್ಷ ಆಗ್ರಾದಲ್ಲಿ ನಡೆದದ್ದೇನು ಎಂದು ಯಾವ ಪಠ್ಯಪುಸ್ತಕವನ್ನು ಕೇಳಿದರೂ ಇದೇ ಉತ್ತರ ಸಿಗುತ್ತದೆ. ಅದೇ ಊರಿನ ಒಂದು ಸಾಧಾರಣ ಮಂದಿರದಲ್ಲಿ, ವ್ಯಾಪಾರದಲ್ಲಿ ಸೋತ, ಹೆತ್ತ ಒಂಬತ್ತು ಮಕ್ಕಳನ್ನು ಒಂದೊಂದಾಗಿ ಕಳೆದುಕೊಳ್ಳಬೇಕಾದ ನಡುವಯಸ್ಸಿನ ವರ್ತಕನೊಬ್ಬನು ಆರುನೂರೈವತ್ತು ವರ್ಷಗಳ ಹಿಂದೆ ದಕ್ಷಿಣದಲ್ಲಿ ರಚಿತವಾದ ಪ್ರಾಕೃತ ಗಾಹೆಗಳಿಗೆ ಕಿವಿಗೊಟ್ಟಿದ್ದನು. ಮಯೂರ ಸಿಂಹಾಸನವನ್ನು 1739ರಲ್ಲಿ ನಾದಿರ್ ಶಾಹನು ಒಯ್ದನು. ಗೊಮ್ಮಟಸಾರವನ್ನು ಇಂದಿಗೂ ಓದುತ್ತೇವೆ.

ಗೊಮ್ಮಟಸಾರದ ಹುಟ್ಟನ್ನು ಕನ್ನಡಿಗರಿಗೆ ಹೆಚ್ಚಾಗಿ ಹೇಳಬೇಕಿಲ್ಲ. ಗಂಗರ ಮಂತ್ರಿಯೂ ದಂಡನಾಯಕನೂ ಆದ ಚಾವುಂಡರಾಯನ ಮನೆಮಾತಿನ ಹೆಸರು ಗೊಮ್ಮಟ. 978ರಲ್ಲಿ ಕನ್ನಡ ಗದ್ಯಕ್ಕೆ ಚಾವುಂಡರಾಯಪುರಾಣವನ್ನು ಕೊಟ್ಟವನು, ವಿಂಧ್ಯಗಿರಿಯ ಮೇಲೆ ಬಾಹುಬಲಿಯನ್ನು ನಿಲ್ಲಿಸಿದವನು ಅವನೇ. ಅವನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಧವಲಾದಿ ಸಿದ್ಧಾಂತಗಳ ಸಾರವನ್ನು ಜೀವಕಾಂಡ, ಕರ್ಮಕಾಂಡ ಎಂಬ ಎರಡು ಭಾಗಗಳಲ್ಲಿ ಸಂಗ್ರಹಿಸಿಕೊಟ್ಟರು. ಚಾವುಂಡರಾಯನು ಅದಕ್ಕೆ ವೀರಮಾರ್ತಂಡಿ ಎಂಬ ದೇಶಿ ವ್ಯಾಖ್ಯೆಯನ್ನು ಮಾಡಿದನೆಂದು ಕರ್ಮಕಾಂಡದ ಕೊನೆಯಲ್ಲಿಯೇ ಹೇಳಿದೆ. 1359ರಲ್ಲಿ ಕೇಶವಣ್ಣನು, ಅಂದರೆ ಕೇಶವವರ್ಣಿಯು, ವಿಸ್ತಾರವಾದ ಕರ್ಣಾಟವೃತ್ತಿಯನ್ನು ರಚಿಸಿದನು. ಆ ಬಳಿಕ ನೇಮಿಚಂದ್ರನೆಂಬುವನು ಸಂಸ್ಕೃತದಲ್ಲಿ ಜೀವತತ್ತ್ವಪ್ರದೀಪಿಕೆಯನ್ನು ಬರೆದನು. ಮೂಲಕಾರರ ಹೆಸರೇ ಇವನಿಗೂ ಇರುವುದರಿಂದ ಗೊಂದಲ ಬೇಡ. ಈತ ಶತಮಾನಗಳ ಈಚಿನವನು. ಕನ್ನಡ ವೃತ್ತಿಯನ್ನು ಆಶ್ರಯಿಸಿ ಬರೆಯುತ್ತಿರುವೆನೆಂದು ಈ ಟೀಕಾಕಾರ ಆರಂಭದಲ್ಲಿಯೇ ಹೇಳಿಕೊಂಡಿದ್ದಾನೆ. ಉತ್ತರ ಭಾರತದ ಗೊಮ್ಮಟಸಾರ ಅಧ್ಯಯನಕ್ಕೆ ಹೆದ್ದಾರಿಯಾದುದು ಈ ಸಂಸ್ಕೃತ ಟೀಕೆ. ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ಬೃಹತ್ ದೇಶಭಾಷಾ ವ್ಯಾಖ್ಯಾನವಾದ ಸಮ್ಯಗ್ಜ್ಞಾನಚಂದ್ರಿಕೆಯನ್ನು ಬರೆದದ್ದೂ ಇದನ್ನು ಹಿಡಿದೇ. ಸಂಸ್ಕೃತ ಟೀಕೆ ಕೇಶವವರ್ಣಿಯದೇ ಎಂದು ಬಹುಕಾಲ ತಿಳಿಯಲಾಗಿತ್ತು. ಅದು ಬೇರೆಯವನದು, ಕನ್ನಡ ವೃತ್ತಿಯ ಮೇಲೆ ನಿಂತದ್ದು ಎಂದು ಆಧಾರಸಹಿತ ತೋರಿಸಿದವರು ಸದಲಗದವರಾದ ಆ.ನೇ. ಉಪಾಧ್ಯೆಯವರು. ಮುಂದೆ ಭಾರತೀಯ ಜ್ಞಾನಪೀಠವು ಕನ್ನಡ ವೃತ್ತಿ, ಸಂಸ್ಕೃತ ಟೀಕೆ ಎರಡನ್ನೂ ಹಿಂದಿ ಅನುವಾದದೊಡನೆ ಒಟ್ಟಿಗೆ ಪ್ರಕಟಿಸಿತು.

ಹೀಗೆ ನೋಡಿದರೆ ದಾರಿ ಸ್ಪಷ್ಟವಾಗಿದೆ. ಬೆಳಗೊಳದ ಪರಿಸರದ ಪ್ರಾಕೃತ, ಅದಕ್ಕೆ ಕನ್ನಡದ ವಿವರಣೆ, ಅದರಿಂದ ಸಂಸ್ಕೃತ, ಅದರಿಂದ ರಾಜಸ್ಥಾನದ ಆಡುನುಡಿ. ನಾನು ತರಗತಿಯಲ್ಲಿ ಹೇಳುತ್ತಿದ್ದ ‘ಮಲಗಿದ್ದ’ ಗ್ರಂಥ ಎಂದೂ ಮಲಗಿರಲಿಲ್ಲ. ದೇಶಭಾಷೆಯಿಂದ ಸಂಸ್ಕೃತಕ್ಕೆ ಶಾಸ್ತ್ರ ಹರಿಯುವುದು ಅಪರೂಪವೆಂದು ನಾವು ಭಾವಿಸಿದ್ದೇವೆ. ಇಲ್ಲಿ ಕನ್ನಡವೇ ಮೇಲಿನ ಕೆರೆ, ಸಂಸ್ಕೃತ ಅದರಿಂದ ಹೊರಟ ಕಾಲುವೆ. ಇದನ್ನು ಹೇಳುವಾಗ ಸೋಮನಾಥದ ಬಾಗಿಲಿನ ಪಾಠವನ್ನು ನೆನಪಿಟ್ಟುಕೊಂಡಿದ್ದೇನೆ. ಬನಾರಸಿದಾಸನಿಗೆ ಗೊಮ್ಮಟಸಾರ ಕನ್ನಡದ ಗ್ರಂಥವಾಗಿರಲಿಲ್ಲ. ಅದು ಯಾವ ಊರಿನದೆಂಬುದು ಅವನ ಪ್ರಶ್ನೆಯೂ ಆಗಿರಲಿಲ್ಲ. ಅವನಿಗೆ ಬೇಕಾಗಿದ್ದುದು ತನ್ನ ಬದುಕಿನ ಗಂಟನ್ನು ಬಿಡಿಸುವ ಮಾತು. ಅದು ದೊರೆಯಿತು. ಒಂದು ಗ್ರಂಥಕ್ಕೆ ಇದಕ್ಕಿಂತ ಹೆಚ್ಚಿನ ಗೌರವ ಬೇರೊಂದಿಲ್ಲ. ನಮ್ಮ ನಾಡಿನ ಹೆಮ್ಮೆ ಅದರ ಮುಂದೆ ಸಣ್ಣ ಮಾತು.

ಸಂಜೆ ಕೋಟೆಯಿಂದ ಹೊರಬಂದು, ರೈಲು ನಿಲ್ದಾಣವನ್ನೂ ಜಹಾನಾರಾ ಕಟ್ಟಿಸಿದ ಜಾಮಾ ಮಸೀದಿಯನ್ನೂ ದಾಟಿ, ಹಳೆಯ ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಮೋತಿ ಕಟರಾದ ಕಡೆಗೆ ನಡೆದೆ. ಅಲ್ಲಿ ಇಂದಿಗೂ ಜೈನರ ಮನೆಗಳಿವೆ, ಮಂದಿರವಿದೆ. ಸಂಜೆಯ ಶಾಸ್ತ್ರಸಭೆ ಮುಗಿದು ಜನ ಏಳುತ್ತಿದ್ದರು. ವಯಸ್ಸಾದವರೊಬ್ಬರು ನನ್ನ ಹಿಂದಿಯನ್ನು ಕೇಳಿ ಎಲ್ಲಿಯವರೆಂದರು. ಕರ್ನಾಟಕದವನೆಂದೆ. ‘ಓಹೋ, ಗೊಮ್ಮಟೇಶ್ವರರ ಊರಿನವರು’ ಎಂದು ಕೈಮುಗಿದು, ಮಹಾಮಸ್ತಕಾಭಿಷೇಕಕ್ಕೆ ಬಂದಿದ್ದ ನೆನಪನ್ನು ಹೇಳತೊಡಗಿದರು. ಗೋಡೆಯ ಗಾಜಿನ ಕಪಾಟಿನಲ್ಲಿ ಶಾಸ್ತ್ರಗ್ರಂಥಗಳಿದ್ದುವು. ಸಮಯಸಾರದ ಪಕ್ಕದಲ್ಲಿ ಜೀವಕಾಂಡ, ಅದರ ಪಕ್ಕದಲ್ಲಿ ಕರ್ಮಕಾಂಡ. ರಟ್ಟು ಹರಿದು ಮತ್ತೆ ಬಟ್ಟೆ ಅಂಟಿಸಿದ ಪ್ರತಿಗಳು. ಓದಿಯೇ ಸವೆದವು.

ಊರಿಗೆ ಮರಳಿದ ಮೇಲೆ ಹಳೆಯ ಪಾಠದ ಟಿಪ್ಪಣಿಯನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದೆ. ಆ ಪಾಠವನ್ನು ಕೇಳಿ ಹೋದ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಅಧ್ಯಾಪಕರು. ಅವರ ಟಿಪ್ಪಣಿಗಳಲ್ಲಿ ಅದು ಇನ್ನೂ ಉಳಿದಿರಬಹುದು. ಅವರು ಈ ಬರಹವನ್ನು ಓದಿದರೆ ದಯವಿಟ್ಟು ತಿದ್ದಿಕೊಳ್ಳಲಿ. ಸಂಶೋಧನೆಗೆ ವಿಷಯ ಹುಡುಕುತ್ತಿರುವ ಕಿರಿಯರಿಗೆ ಒಂದು ಸೂಚನೆಯೂ ಇದೆ: ಕೇಶವವರ್ಣಿಯ ಕರ್ಣಾಟವೃತ್ತಿಯಲ್ಲಿ ಗುಣಸ್ಥಾನ ಪ್ರಕರಣವನ್ನೂ, ಬನಾರಸಿದಾಸನು ಸಮಯಸಾರ ನಾಟಕದ ಕೊನೆಯಲ್ಲಿ ಗುಣಸ್ಥಾನಗಳನ್ನು ಕುರಿತು ಬರೆದ ಭಾಗವನ್ನೂ ಎದುರುಬದುರು ಇಟ್ಟು ಓದಿ ನೋಡಬೇಕು. ಕನ್ನಡ, ಸಂಸ್ಕೃತ, ವ್ರಜ ಮೂರನ್ನೂ ಬಲ್ಲವರು ಈ ಕೆಲಸ ಮಾಡಬೇಕು. ಅದಕ್ಕೆ ಆಗ್ರಾಕ್ಕೆ ಹೋಗಲೇಬೇಕೆಂದಿಲ್ಲ. ಹೋದರೆ ಕೋಟೆಯನ್ನು ನೋಡಿ. ಆಮೇಲೆ ಅದರ ಹೊರಗೂ ಸ್ವಲ್ಪ ನಡೆಯಿರಿ.